ಎಡಗೈಯ ಎಡವಟ್ಟು

ಹಿಂದಿನ ಕಾರಿನವರು ಇಳಿದು ಬಂದು, ನನ್ನ ಕಿಟಕಿಯ ಹತ್ತಿರ ಬಗ್ಗಿ, ಕೋಪವನ್ನೆಲ್ಲ ನುಂಗಿಕೊಂಡ ದನಿಯಲ್ಲಿ ಹೇಳಿದ್ದು ಇಷ್ಟೇ: "ಸಾರ್, ಹಸಿರು ದೀಪ ಬಿದ್ದಿದ್ದು ಮುಂದಕ್ಕೆ ಹೋಗೋದಕ್ಕೆ."

ನನಗೆ ಅದು ಗೊತ್ತಿತ್ತು. ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಗೊತ್ತಿಲ್ಲದೆ ಇದ್ದದ್ದು ನನ್ನ ಎಡಗೈಗೆ.

ಆಗಿದ್ದೇನೆಂದರೆ, ಒಂದಷ್ಟು ಸಾಮಾನು ಸಾಗಿಸಬೇಕಿತ್ತು, ನನ್ನ ಪುಟ್ಟ ಕಾರಿನಲ್ಲಿ ಹಿಡಿಸುವಂತಿರಲಿಲ್ಲ. ಭಾವನದು ದೊಡ್ಡ ಕಾರು. "ಎರಡು ದಿನ ನನ್ನದನ್ನ ನೀನಿಟ್ಕೋ, ನಿನ್ನದನ್ನ ನಾನಿಟ್ಕೋತೀನಿ" ಎಂದು ಕೀ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: "ರಿವರ್ಸ್ ಮಾತ್ರ ನೋಡ್ಕೋ. ಎಡಗಡೆ ಮೇಲಕ್ಕೆ, ಫಸ್ಟ್ ಗೇರಿನ ಪಕ್ಕದಲ್ಲೇ ಇದೆ. ಕೆಳಗಡೆ ಒಂದು ಬಳೆ ಇದೆ, ಅದನ್ನ ಎತ್ತಿ ಹಿಡಿದು ಹಾಕ್ಬೇಕು."

ನಾನು "ಗೊತ್ತು ಬಿಡಿ ಭಾವ" ಎಂದೆ. ನನ್ನ ಜೀವನದ ಬಹುತೇಕ ಅನಾಹುತಗಳು ಈ ಮೂರು ಪದಗಳ ಆಸುಪಾಸಿನಲ್ಲೇ ಶುರುವಾಗಿವೆ.

ನನ್ನ ಕಾರಿಗೆ ಐದು ಗೇರು. ರಿವರ್ಸು ಐದನೆಯದರ ಕೆಳಗೆ, ಬಲಗಡೆ ಮೂಲೆಯಲ್ಲಿ, ಬೇಡದ ನೆಂಟನನ್ನು ಕೂರಿಸಿದ ಹಾಗೆ ದೂರ. ಭಾವನ ಕಾರಿಗೆ ಆರು. ಬಲಮೂಲೆಯಲ್ಲಿ ಆರನೆಯದು ಕೂತಿದ್ದರಿಂದ ರಿವರ್ಸನ್ನು ಎತ್ತಿ ಎಡಕ್ಕೆ, ಮೊದಲನೇ ಗೇರಿನ ಮಗ್ಗುಲಿಗೇ ಹಾಕಿದ್ದಾರೆ. ಜಾಗದ ಅಭಾವ, ಒಪ್ಪೋಣ. ಆದರೆ ಮುಂದೆ ಹೋಗುವುದನ್ನೂ ಹಿಂದೆ ಹೋಗುವುದನ್ನೂ ಒಂದೇ ಜಗಲಿಯಲ್ಲಿ ಕೂರಿಸುವುದೇ? ತಪ್ಪಾಗಬಾರದೆಂದೇ ಆ ಬಳೆ: ಗೇರ್ ಲಿವರಿನ ಗುಂಡಿಯ ಕೆಳಗೆ ಕೊರಳಪಟ್ಟಿಯಂತೆ ಕೂತಿರುತ್ತದೆ, ಅದನ್ನು ಎತ್ತದೆ ಲಿವರು ರಿವರ್ಸಿನ ಓಣಿಗೆ ಇಳಿಯುವುದಿಲ್ಲ.

ಬಳೆ ಇಟ್ಟವರು ಒಂದನ್ನು ಯೋಚಿಸಿರಲಿಲ್ಲ. ಅದು ತೋರುಬೆರಳು, ನಡುಬೆರಳು ಆರಾಮಾಗಿ ಸಿಕ್ಕಿಸಿಕೊಳ್ಳಲು ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಕಾರು ಹತ್ತಿದ ಹತ್ತು ನಿಮಿಷದಲ್ಲೇ ನನ್ನ ಎರಡೂ ಬೆರಳು ಅಲ್ಲಿ ಸಂಸಾರ ಹೂಡಿದ್ದವು. ಕಾವಲುಗಾರನ ಹೆಗಲ ಮೇಲೆ ಕೈ ಹಾಕಿಕೊಂಡೇ ಕಳ್ಳ ಒಳಗೆ ನುಗ್ಗಿದ ಹಾಗೆ.

ಸಿಗ್ನಲ್ಲಿನಲ್ಲಿ ಕೆಂಪು ದೀಪ. ಇನ್ನೇನು ಹಸಿರು ಬರುತ್ತದೆ ಎನ್ನುವಾಗ ಕ್ಲಚ್ಚು ಒತ್ತಿ ಫಸ್ಟ್ ಗೇರು ಹಾಕಿದೆ. ಅಂದರೆ, ಹಾಕಿದೆ ಅಂದುಕೊಂಡೆ. ಕಾರಿನೊಳಗೆ ಎಲ್ಲಿಂದಲೋ ಕೀಂಕ್... ಕೀಂಕ್... ಎಂದು ಶುರುವಾಯಿತು.

"ರೀ, ಏನ್ರೀ ಅದು ಕೂಗ್ತಿರೋದು?" ಎಂದಳು ಹೆಂಡತಿ.

"ನಿನ್ನ ಸೀಟ್ ಬೆಲ್ಟು."

"ಹಾಕ್ಕೊಂಡಿದೀನಲ್ಲ."

"ಸರಿಯಾಗಿ ಕೂತಿಲ್ಲ ಅನ್ಸುತ್ತೆ, ಬಿಚ್ಚಿ ಹಾಕು."

ಪಾಪ, ಬಿಚ್ಚಿ ಹಾಕಿದಳು. ಹಸಿರು ಬಿತ್ತು. ಕ್ಲಚ್ಚು ಬಿಡತೊಡಗಿದೆ. ಕೀಂಕ್ ಕೀಂಕ್ ಈಗ ಕೀಂಕೀಂಕೀಂಕ್ ಆಯಿತು. ಹಿಂದಿನವರು ಹಾರ್ನ್ ಬಾರಿಸಿದರು. ದೀಪ ಬಿದ್ದು ಎರಡು ಸೆಕೆಂಡೂ ಆಗಿಲ್ಲ, ಜನಕ್ಕೆ ತಾಳ್ಮೆ ಅನ್ನೋದೇ ಇಲ್ಲ ಎಂದು ಗೊಣಗಿ, ಅವರಿಗೆ ಬುದ್ಧಿ ಕಲಿಸಲೆಂದು ಆಕ್ಸಿಲರೇಟರನ್ನು ಇನ್ನೊಂದು ಚೂರು ಒತ್ತಿದೆ. ಪಕ್ಕದ ಕಾರುಗಳೆಲ್ಲ ಮುಂದೆ ಹೋದವು. ಹೋಗಬೇಕಾದ್ದೇ. ಆದರೆ ಸಿಗ್ನಲ್ ಕಂಬವೂ ಮುಂದೆ ಹೋಗುತ್ತಿತ್ತು.

ಕಂಬ ನಡೆಯುವುದಿಲ್ಲ ಎಂಬ ತೀರ್ಮಾನಕ್ಕೆ ನಾನು ಬರುವುದಕ್ಕೂ ಹಿಂದಿನಿಂದ 'ಧಡ್' ಎಂದು ಕೇಳುವುದಕ್ಕೂ ಸರಿಹೋಯಿತು.

ಇಡೀ ಪ್ರಸಂಗದಲ್ಲಿ ನನ್ನನ್ನು ಈಗಲೂ ಚುಚ್ಚುವುದು ಒಂದೇ. ಗೇರು ರಿವರ್ಸಿಗೆ ಬಿದ್ದ ಗಳಿಗೆಯಲ್ಲೇ ಹಿಂದುಗಡೆಯ ಬಿಳಿ ದೀಪ ಹೊತ್ತಿಕೊಳ್ಳುತ್ತದೆ. ಅಂದರೆ ನಾನು ಏನು ಮಾಡಲಿದ್ದೇನೆ ಎಂದು ಹಿಂದಿನವರಿಗೆ ಗೊತ್ತಿತ್ತು, ಅವರ ಹಿಂದಿನವರಿಗೂ ಪ್ರಾಯಶಃ ಗೊತ್ತಿತ್ತು. ಕೀಂಕ್ ಕೀಂಕ್ ಎಂದು ಕೂಗಿದ, ಕಾರಿನ ಬಂಪರಿನಲ್ಲಿದ್ದ ಸೆನ್ಸರಿಗೆ ಗೊತ್ತಿತ್ತು. ಕೊನೆಯದಾಗಿ ವಿಷಯ ತಿಳಿದದ್ದು ಸ್ಟಿಯರಿಂಗ್ ಹಿಡಿದವನಿಗೆ.

ಅವರ ಕಾರಿಗೆ ಏನೂ ಆಗಿರಲಿಲ್ಲ. ಅವರು ಒಳ್ಳೆಯವರು, ಆ ಒಂದು ವಾಕ್ಯಕ್ಕೇ ಬಿಟ್ಟರು. ಭಾವನ ಬಂಪರು ಮಾತ್ರ ಹೆಬ್ಬೆರಳು ಒತ್ತಿದ ಹಾಗೆ ಒಂದು ಕಡೆ ಒಳಕ್ಕೆ ಹೋಗಿತ್ತು.

ಆಮೇಲೆ ಕೂತು ಯೋಚಿಸಿದೆ: ಕಾರಿಗಾದರೂ ನನ್ನನ್ನು ತಡೆಯಬಹುದಿತ್ತಲ್ಲ? ನನ್ನ ಹಳೇ ಕಾರು ಓಡುತ್ತಿರುವಾಗ ರಿವರ್ಸಿನ ಹತ್ತಿರ ಹೋದರೂ ಸಾಕು, 'ಕರ್‌ರ್‌' ಎಂದು ಹಲ್ಲು ಕಡಿಯುತ್ತದೆ. ಅದಕ್ಕೆ ಕಾರಣವುಂಟು. ಹಲ್ಲಿನ ಚಕ್ರಗಳನ್ನು ಜರುಗಿಸಿ ಒಂದಕ್ಕೊಂದು ಕಚ್ಚಿಸುವ ಗೇರ್ ಪೆಟ್ಟಿಗೆ ಫ್ರಾನ್ಸಿನ ಪನಾರ್ ಲೆವಸೋರ್ ಕಾರುಗಳ ಕಾಲದ್ದು, 1890ರ ದಶಕದ್ದು. ಆಗ ಪ್ರತಿ ಗೇರೂ ಹೀಗೇ ಹಲ್ಲು ಕಡಿಯುತ್ತಿತ್ತು. ಡ್ರೈವರಾದವನು ಇಂಜಿನ್ನಿನ ಸದ್ದು ಕೇಳಿಯೇ ವೇಗ ಹೊಂದಿಸಬೇಕಿತ್ತು. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ಬಂತು. ಎರಡು ಚಕ್ರ ಕಚ್ಚಿಕೊಳ್ಳುವ ಮೊದಲೇ ಉಜ್ಜಿ ಸಮಾಧಾನ ಮಾಡಿ ಒಂದೇ ವೇಗಕ್ಕೆ ತರುವ ಉಪಾಯ ಅದು. ಈಗ ಮುಂದಿನ ಗೇರುಗಳಿಗೆಲ್ಲ ಅದು ಇದೆ; ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಮಾತ್ರ ಇಲ್ಲ. ನಿಂತಾಗ ಹಾಕುವ ಗೇರಿಗೆ ಅದೆಲ್ಲ ಯಾಕೆ ಅಂತ. ನಾನು ಚೂರು ಚಲಿಸುತ್ತಿದ್ದರೂ ಅದು ಬೊಗಳಿ ಎಚ್ಚರಿಸುತ್ತಿತ್ತೇನೋ. ಆದರೆ ನಿಂತ ಗಾಡಿ, ಒತ್ತಿ ಹಿಡಿದ ಕ್ಲಚ್ಚು. ಒಳಗಿನ ಚಕ್ರಗಳೆಲ್ಲ ಗಪ್‌ಚಿಪ್. ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯವಾಗಿ ಬಿತ್ತು ಮಹರಾಯ.

ಕ್ಲಚ್ಚು ಬಿಡುವಾಗಲೂ ಏನೂ ತಿಳಿಯುವುದಿಲ್ಲ. ಮೊದಲನೇ ಗೇರಿನಲ್ಲಿ ಇಂಜಿನ್ನು ಸುಮಾರು ಮೂರೂವರೆ ಸುತ್ತು ಸುತ್ತಿದರೆ ಪೆಟ್ಟಿಗೆಯಿಂದ ಹೊರಬರುವುದು ಒಂದು ಸುತ್ತು. ರಿವರ್ಸಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಅದೇ ಎಳೆತ, ಅದೇ ನಡುಕ. ವ್ಯತ್ಯಾಸ ಏನಪ್ಪಾ ಅಂದರೆ, ಇಬ್ಬರ ನಡುವೆ ಇನ್ನೊಂದು ಪುಟ್ಟ ಚಕ್ರ ಬಂದು ಕೂರುತ್ತದೆ. ಮೂರನೆಯವರೊಬ್ಬರು ನಡುವೆ ಬಂದರೆ ಸಾಕು, ಇಡೀ ಸಂಸಾರವೇ ಉಲ್ಟಾ ತಿರುಗುತ್ತದೆ. ಇದು ಗೇರ್ ಪೆಟ್ಟಿಗೆಗೆ ಮಾತ್ರ ಸಂಬಂಧಿಸಿದ ಮಾತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನನ್ನ ಎಡಗೈಯ ಹಳೇ ಕಡತದಲ್ಲಿ ಇನ್ನೂ ಕೆಲವಿವೆ. ಕಲಿಯುವಾಗ ಒಂದನೆಯದರ ಬದಲು ಮೂರನೇ ಗೇರಿನಲ್ಲಿ ಹೊರಟು, ಗಾಡಿ ಬಿಕ್ಕಳಿಸಿ ಬಿಕ್ಕಳಿಸಿ ಆಫ್ ಆದದ್ದು ಲೆಕ್ಕಕ್ಕಿಲ್ಲ. ಅದು ಎಲ್ಲರಿಗೂ ಆಗಿರುತ್ತದೆ. ಹೆದರಿಸಿದ್ದು ಇನ್ನೊಂದು. ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟಲು ಐದರಿಂದ ನಾಲ್ಕಕ್ಕೆ ಇಳಿಸಲು ಹೋದೆ. ನ್ಯೂಟ್ರಲ್ಲಿನಲ್ಲಿ ಕೈಬಿಟ್ಟರೆ ಲಿವರು ಸ್ಪ್ರಿಂಗಿನ ದಯೆಯಿಂದ ತಾನೇ ಮೂರು-ನಾಲ್ಕರ ನಡುವಿನ ಓಣಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಸುಮ್ಮನೆ ಕೆಳಗೆಳೆದರೆ ನಾಲ್ಕು. ನಮಗೆ ಸ್ಪ್ರಿಂಗಿನ ಮೇಲೆ ನಂಬಿಕೆ ಸಾಲದು. ಅದು ಎಡಕ್ಕೆ ತಳ್ಳುತ್ತಿದೆಯಲ್ಲ, ನಾನೂ ಒಂದು ಕೈ ನೋಡೋಣ ಎಂದು ಎಡಕ್ಕೆ ನೂಕಿ ಎಳೆದೆ. ಎರಡನೇ ಗೇರು ಬಿತ್ತು.

ಕ್ಲಚ್ಚು ಬಿಟ್ಟೊಡನೆ ಕಾರು ಯಾರೋ ಹಿಂದಿನಿಂದ ಜುಟ್ಟು ಹಿಡಿದೆಳೆದ ಹಾಗೆ ಮುಗ್ಗರಿಸಿತು. ಇಂಜಿನ್ನು ಕಿರುಚಿತು. ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ನಾಲ್ಕನೇ ಗೇರಿನಲ್ಲಿ ಇರಬೇಕಾದ ಜಾಗದ ದುಪ್ಪಟ್ಟಿಗೆ ಚಿಮ್ಮಿತು. ಇಂಜಿನ್ನು ಅತಿಯಾಗಿ ತಿರುಗಿದರೆ ಇಂಧನ ನಿಲ್ಲಿಸುವ ಏರ್ಪಾಡು ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವ ಹಾಗೂ ಇಲ್ಲ. ಆಗ ಇಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ರಸ್ತೆಯ ಮೇಲೆ ಉರುಳುತ್ತಿರುವ ಚಕ್ರಗಳು. ವೇಗ ಇನ್ನೂ ಹೆಚ್ಚಿದ್ದರೆ ವಾಲ್ವುಗಳು ಹೋಗಿ ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಮುಗಿದುಹೋಗುವುದುಂಟು. ತಕ್ಷಣ ಕ್ಲಚ್ಚು ಒತ್ತಿದ್ದಕ್ಕೆ ಬಚಾವಾದೆ. ಲಾರಿ ತನ್ನ ಪಾಡಿಗೆ ದೂರವಾಯಿತು. ಅವತ್ತು ಮನೆ ಮುಟ್ಟುವ ತನಕ ನಾನು ಯಾರನ್ನೂ ದಾಟಲಿಲ್ಲ.

ಗೇರುಗಳ ನಕ್ಷೆಯನ್ನು ಗುಂಡಿಯ ಮೇಲೇ ಕೆತ್ತಿರುತ್ತಾರೆ ಅನ್ನುವುದೇನೋ ನಿಜ. ಗೇರು ಹಾಕುವ ಹೊತ್ತಿಗೆ ಅದರ ಮೇಲೆ ಅಂಗೈ ಕೂತಿರುತ್ತದೆ. ಓದುವುದು ಯಾವಾಗ?

ಎರಡು ದಿನ ಕಳೆಯಿತು. ಕಾರು ವಾಪಸು ಕೊಡಲು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಆದರೆ ಮೊದಲೇ ಬಂಪರು ಕಾಣಿಸುವುದು ಬೇಡ ಎಂದು ಕಾರನ್ನು ತಿರುಗಿಸಿ, ಹಿಂಬದಿಯನ್ನು ಕಾಂಪೌಂಡ್ ಗೋಡೆಗೆ ಅಂಟಿಸಿ ನಿಲ್ಲಿಸಿದೆ. ಈ ಸಲ ಬಳೆ ಎತ್ತಿ, ನೋಡಿ, ಇನ್ನೊಮ್ಮೆ ನೋಡಿ ರಿವರ್ಸ್ ಹಾಕಿದೆ.

ಇಳಿದು ನೋಡುತ್ತೇನೆ, ಆಚೆ ಬದಿಯಲ್ಲಿ ನನ್ನ ಕಾರು. ಮೂತಿಯನ್ನು ಗೋಡೆಗೆ ಒತ್ತಿಕೊಂಡು, ಶಿಕ್ಷೆಗೆ ನಿಂತ ಹುಡುಗನ ಹಾಗೆ ನಿಂತಿತ್ತು. ಭಾವ ಯಾವತ್ತೂ ಹಾಗೆ ನಿಲ್ಲಿಸುವವರಲ್ಲ.

"ಗಾಡಿ ಹೇಗಿತ್ತು?" ಎಂದರು ಭಾವ. ನನ್ನ ಮುಖ ನೋಡುತ್ತಿರಲಿಲ್ಲ.

"ಚೆನ್ನಾಗಿತ್ತು ಭಾವ. ನನ್ನದು?"

"ಚೆನ್ನಾಗಿದೆ, ಚೆನ್ನಾಗಿದೆ." ಸ್ವಲ್ಪ ಹೊತ್ತು ಕೀ ತಿರುಗಿಸುತ್ತಾ ನಿಂತರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಅಲ್ಲ ಮಾರಾಯ, ನಿನ್ನ ಗಾಡೀಲಿ ಆ ಬಳೆ ಎಲ್ಲಿದೆ? ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಕೊನೆಗೆ ಹಾಗೇ ಎಡಕ್ಕೆ ಮೇಲೆ ಹಾಕಿಬಿಟ್ಟೆ."