ಅಗ್ಗದ ಲಾಗಿನ್‌ಗೆ ತೆರುವ ಬೆಲೆ

ಜಾಲತಾಣವನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರಲು ನೆರವಾಗುವ ಎಸ್‌ಇಒ ಪರಿಕರಗಳ ಹಂಚಿಕೆ ಚಂದಾದಲ್ಲಿ, ಅಂದರೆ ಒಬ್ಬರ ಖಾತೆಯನ್ನೇ ಹಲವರು ಕಡಿಮೆ ಹಣಕ್ಕೆ ಬಳಸುವ ವ್ಯವಸ್ಥೆಯಲ್ಲಿ, ‘ಸಣ್ಣ ಉದ್ಯಮಿ ಕಳೆದುಕೊಳ್ಳುವುದೇನೂ ಇಲ್ಲ’ ಎಂದು ಅದನ್ನು ಸಮರ್ಥಿಸಿ ಬರೆದ ಲೇಖನವೊಂದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಇಂಥ ಪರಿಕರಗಳಾದ ಅಹ್ರೆಫ್ಸ್, ಸೆಮ್‌ರಶ್‌ಗಳ ಪೂರ್ಣ ಪ್ರಮಾಣದ ಯೋಜನೆಗಳು ತಿಂಗಳಿಗೆ 100 ಡಾಲರ್ ದಾಟುವುದರಿಂದ ಕೆಲವೇ ನೂರು ರೂಪಾಯಿಯ ಹಂಚಿಕೆ ಖಾತೆ ಆಕರ್ಷಕವೆನಿಸುವುದು ಸಹಜ. ಶಿರಸಿಯ ಹೋಂಸ್ಟೇ ಒಂದರ ಜಾಲತಾಣಕ್ಕಾಗಿ ನಾನೂ ಹಾಗೆಯೇ ಕೊಂಡಿದ್ದೆ. ಮಾರಾಟಗಾರ ಕೊಟ್ಟದ್ದು ಪಾಸ್‌ವರ್ಡ್ ಅಲ್ಲ, ತನ್ನ ಖಾತೆಯ ಕುಕಿಯನ್ನು (ಲಾಗಿನ್ ಆಗಿರುವುದನ್ನು ನೆನಪಿಡುವ ಸಣ್ಣ ಮಾಹಿತಿ ತುಣುಕು) ನಮ್ಮ ಬ್ರೌಸರಿಗೆ ತುಂಬುವ ಪುಟ್ಟ ಸೇರ್ಪಡೆ ತಂತ್ರಾಂಶ, ಅಂದರೆ ಕ್ರೋಮ್ ಎಕ್ಸ್‌ಟೆನ್ಶನ್. ಎಲ್ಲ ಜಾಲತಾಣಗಳ ಮಾಹಿತಿಯನ್ನೂ ಓದುವ, ಬದಲಿಸುವ ಅನುಮತಿಯನ್ನು ಅದು ಕೇಳಿತು. ಅದೇ ಬ್ರೌಸರಿನಲ್ಲಿ ನನ್ನ ಬ್ಯಾಂಕ್ ಖಾತೆಯೂ ಗ್ರಾಹಕರ ಇಮೇಲೂ ತೆರೆದಿದ್ದವು.

ಹಲವರು ಒಂದೇ ಖಾತೆ ಬಳಸುತ್ತಿದ್ದುದರಿಂದ ದಿನದ ವರದಿಗಳ ಮಿತಿ ಮಧ್ಯಾಹ್ನದೊಳಗೇ ಮುಗಿಯುತ್ತಿತ್ತು, ಅದನ್ನಾದರೂ ಸಹಿಸಬಹುದು. ಆದರೆ ಯಾರೋ ಅಪರಿಚಿತರ ಕೀವರ್ಡ್ (ಜನ ಹುಡುಕುವ ಪದಗಳ) ಪಟ್ಟಿಗಳು ನನಗೆ ಕಾಣುತ್ತಿದ್ದವೆಂದರೆ ನನ್ನವೂ ಅವರಿಗೆ ಕಾಣುತ್ತಿದ್ದವೆಂದೇ ಅರ್ಥ. ಕೊನೆಗೆ ಒಂದು ಬೆಳಿಗ್ಗೆ ಖಾತೆಯೇ ಮುಚ್ಚಿಹೋಗಿ, ಹುಡುಕಾಟದಲ್ಲಿ ನಮ್ಮ ತಾಣದ ಸ್ಥಾನ ತೋರಿಸುವ, ಮೂರು ತಿಂಗಳು ದಾಖಲಿಸಿದ್ದ ರ‍್ಯಾಂಕಿಂಗ್ ವಿವರಗಳೆಲ್ಲ ಅದರೊಂದಿಗೇ ಹೋದವು. ಪರಿಕರದ ಕಂಪನಿಯ ನಿಯಮ ಮೀರಿ ಪಡೆದ ಸೇವೆಗೆ ದೂರು ಕೊಡುವುದಾದರೂ ಯಾರಿಗೆ?

ಸ್ವಂತ ತಾಣದ ಮಟ್ಟಿಗೆ ಗೂಗಲ್ ಸರ್ಚ್ ಕನ್ಸೋಲ್ 16 ತಿಂಗಳ ಹುಡುಕಾಟದ ಮಾಹಿತಿಯನ್ನು ಉಚಿತವಾಗಿಯೇ ಕೊಡುತ್ತದೆ. ಕನ್ನಡದ ಕೀವರ್ಡ್‌ಗಳಿಗೆ ದುಬಾರಿ ಪರಿಕರಗಳು ನನಗೆ ಹಲವು ಬಾರಿ ಹುಡುಕಾಟದ ಸಂಖ್ಯೆ ಸೊನ್ನೆಯೆಂದೇ ತೋರಿಸಿವೆ ಎನ್ನುವುದು ಬೇರೆ ಮಾತು. ಪ್ರತಿಸ್ಪರ್ಧಿಗಳ ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ಅವರ ತಾಣಕ್ಕಿರುವ ಕೊಂಡಿ) ವಿವರ ಬೇಕೇಬೇಕೆಂದಾದರೆ ಒಂದೇ ತಿಂಗಳ ಅಧಿಕೃತ ಚಂದಾ ಪಡೆದು, ಬೇಕಾದದ್ದನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ) ಕಡತಗಳಾಗಿ ಇಳಿಸಿಕೊಂಡು ರದ್ದುಪಡಿಸಬಹುದು. ಈಗ ನಾನು ವರ್ಷಕ್ಕೆರಡು ಬಾರಿ ಮಾಡುತ್ತಿರುವುದು ಇದನ್ನೇ.