ಮೆಟ್ಟಿಲು ಹತ್ತುವವರು ಜೋ ಫ್ರೇಜಿಯರ್ ಹೆಸರನ್ನೂ ತಿಳಿದುಕೊಳ್ಳಲಿ

ಇವತ್ತು ಬೆಳಿಗ್ಗೆ ಅಕ್ಕನ ಮಗ ಫಿಲಡೆಲ್ಫಿಯಾದಿಂದ ಫೋಟೊ ಕಳಿಸಿದ್ದ. ಆರ್ಟ್ ಮ್ಯೂಸಿಯಂನ 72 ಮೆಟ್ಟಿಲು ಓಡಿ ಹತ್ತಿ, ಮೇಲೆ ನಿಂತು ಎರಡೂ ಕೈ ಎತ್ತಿದ್ದಾನೆ. ಥೇಟ್ 'ರಾಕಿ' ಅನ್ನೋ ಬಾಕ್ಸಿಂಗ್ ಸಿನಿಮಾದ ಹೀರೋ ಹಾಗೆ. ನೋಡಿ ಖುಷಿಯಾಯಿತು. ಆ ಸಿನಿಮಾ ಅಂದರೆ ನನಗೆಷ್ಟು ಪ್ರಾಣ ಅಂತ ನಿಮಗೆಲ್ಲ ಗೊತ್ತೇ ಇದೆ. ಫೋನ್ ಮಾಡಿ, "ಜೋ ಫ್ರೇಜಿಯರ್ ಪ್ರತಿಮೆನೂ ನೋಡ್ಕೊಂಡು ಬಾರೋ" ಅಂದೆ.

"ಅದ್ಯಾರು ಮಾಮ?" ಅಂದ.

ಫ್ರೇಜಿಯರ್ ಅಂದರೆ ಅದೇ ಫಿಲಡೆಲ್ಫಿಯಾದಲ್ಲಿ ಬದುಕಿದ್ದ ಬಾಕ್ಸಿಂಗ್ ವಿಶ್ವ ಚಾಂಪಿಯನ್. ಹುಡುಗನ ಮೇಲೆ ಸಿಟ್ಟಿಲ್ಲ. ಆದರೆ ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

'ರಾಕಿ' ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. 1975ರ ಮಾರ್ಚಿನಲ್ಲಿ ಚಕ್ ವೆಪ್ನರ್ ಅನ್ನೋ ಬಾಕ್ಸರ್ ಮುಹಮ್ಮದ್ ಅಲಿ ಎದುರು 15ನೇ ರೌಂಡ್‌ವರೆಗೂ ನಿಂತ. ಅವನು ಅಷ್ಟು ಹೊತ್ತು ನಿಲ್ಲುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಅದನ್ನು ನೋಡಿದ ಸಿಲ್ವೆಸ್ಟರ್ ಸ್ಟಲೋನ್ ಕೆಲವೇ ದಿನಗಳಲ್ಲಿ ಕಥೆ ಬರೆದ. ಕೈಯಲ್ಲಿ ಕಾಸಿಲ್ಲದೆ ಸಾಕಿದ ನಾಯಿಯನ್ನೇ ಮಾರಿಕೊಂಡಿದ್ದ ಮನುಷ್ಯ ಅವನು. ಆದರೂ ಹೀರೋ ನಾನೇ ಆಗಬೇಕು, ಇಲ್ಲದಿದ್ದರೆ ಕಥೆ ಕೊಡಲ್ಲ ಅಂತ ಹಟ ಹಿಡಿದ. ಸುಮಾರು 10 ಲಕ್ಷ ಡಾಲರ್, 28 ದಿನ. ಅಷ್ಟರಲ್ಲಿ ಸಿನಿಮಾ ಮುಗಿಯಿತು. ಐಸ್ ಸ್ಕೇಟಿಂಗ್ ದೃಶ್ಯದಲ್ಲಿ ಜನರನ್ನು ತುಂಬಿಸಲು ದುಡ್ಡಿರಲಿಲ್ಲ. ಹಾಗಾಗಿ ಖಾಲಿ ರಿಂಕ್‌ನಲ್ಲಿ ರಾಕಿ ಮತ್ತು ಅವನ ಹುಡುಗಿ ಇಬ್ಬರೇ. ಅವಳು ತಡವರಿಸುತ್ತಾ ಸ್ಕೇಟ್ ಮಾಡುತ್ತಾಳೆ, ಅವನು ಪಕ್ಕದಲ್ಲಿ ನಡೆಯುತ್ತಾ ಮಾತಾಡುತ್ತಲೇ ಇರುತ್ತಾನೆ. ಆ ದೃಶ್ಯ ಬಂದಾಗಲೆಲ್ಲ ಈಗಲೂ ನನ್ನ ಕಣ್ಣು ಒದ್ದೆಯಾಗುತ್ತದೆ. 10 ಆಸ್ಕರ್ ನಾಮನಿರ್ದೇಶನ ಬಂತು. ಅತ್ಯುತ್ತಮ ಚಿತ್ರವೂ ಸೇರಿ ಮೂರು ಗೆದ್ದಿತು.

ಅದೇ ಸಿನಿಮಾದಲ್ಲಿ ರಾಕಿ ಕೋಲ್ಡ್ ಸ್ಟೋರೇಜ್‌ನಲ್ಲಿ ನೇತುಹಾಕಿದ ಮಾಂಸಕ್ಕೆ ಗುದ್ದಿ ಗುದ್ದಿ ಪ್ರಾಕ್ಟೀಸ್ ಮಾಡುತ್ತಾನಲ್ಲ, ಅದು ಫ್ರೇಜಿಯರ್ ಬದುಕು! ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೂಲಿ ಮಾಡುತ್ತಾ, ನೇತಾಡುವ ಮಾಂಸಕ್ಕೆ ಗುದ್ದಿ ಕೈ ಪಳಗಿಸಿಕೊಂಡವನು ಅವನು. ಸೌತ್ ಕ್ಯಾರೊಲಿನಾದ ಬಡ ರೈತನ ಮಗ. ಚಿಕ್ಕವನಿದ್ದಾಗ ಹಂದಿ ಅಟ್ಟಿಸಿಕೊಂಡು ಬಂದು, ಬಿದ್ದು ಎಡಗೈಗೆ ಪೆಟ್ಟಾಗಿತ್ತು. ಆಮೇಲೆ ಆ ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. ಆ ಕೈ ಇಟ್ಟುಕೊಂಡೇ 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ಚಿನ್ನ. ಅದೇ ಎಡಗೈ ಹುಕ್ (ಪಕ್ಕದಿಂದ ಬೀಸಿ ಹೊಡೆಯುವ ಗುದ್ದು) 1971ರಲ್ಲಿ 15ನೇ ರೌಂಡ್‌ನಲ್ಲಿ ಅಲಿಯನ್ನು ನೆಲಕ್ಕೆ ಕೆಡವಿತು.

ರಾಕಿ ಪ್ರತಿಮೆಯನ್ನು ಮೂರನೇ ಭಾಗದ ಶೂಟಿಂಗಿಗೆ ಮಾಡಿಸಿದ್ದು. ಆ ಸಿನಿಮಾ ಬಂದದ್ದು 1982ರಲ್ಲಿ. 2006ರಲ್ಲಿ ಅದನ್ನು ತಂದು ಮ್ಯೂಸಿಯಂ ಮೆಟ್ಟಿಲುಗಳ ಹತ್ತಿರ ನಿಲ್ಲಿಸಿದರು. ಆಗ ಫ್ರೇಜಿಯರ್ ಬದುಕಿದ್ದ, ಅದೇ ಊರಿನಲ್ಲಿದ್ದ. ಹುಟ್ಟೇ ಇರದ ಮನುಷ್ಯನಿಗೆ ಕಂಚಿನ ಪ್ರತಿಮೆ, ಕಣ್ಣೆದುರಿಗಿದ್ದ ಚಾಂಪಿಯನ್‌ಗೆ ಏನೂ ಇಲ್ಲ. ಅವನು ತೀರಿಕೊಂಡದ್ದು 2011ರಲ್ಲಿ. ಪ್ರತಿಮೆ ಬಂದದ್ದು 2015ರಲ್ಲಿ. ನಾಲ್ಕು ವರ್ಷ ತಡ. ಅವನ ಜಿಮ್ ಮುಚ್ಚಿಹೋಗಿ, ಅಲ್ಲಿ ಪೀಠೋಪಕರಣದ ಅಂಗಡಿ ಬಂದಿತ್ತು. ಓದಿದಾಗ ಹೊಟ್ಟೆ ಉರಿಯಿತು.

ಸಿನಿಮಾ ಅಂದ್ಮೇಲೆ ನಾಲ್ಕು ಕಡೆಯಿಂದ ತಗೊಂಡೇ ತಗೋತಾರೆ ಅಂತ ಕೆಲವರು ಹೇಳುತ್ತೀರಿ, ಗೊತ್ತು. ಆ ಮೆಟ್ಟಿಲು ಓಟ ಕೂಡ ಸ್ಟೆಡಿಕ್ಯಾಮ್ (ಓಡುತ್ತಾ ಶೂಟ್ ಮಾಡಿದರೂ ಚಿತ್ರ ಅಲುಗಾಡದಂತೆ ಕ್ಯಾಮೆರಾ ಹಿಡಿದಿಡುವ ಸಾಧನ) ಕಂಡುಹಿಡಿದ ಗ್ಯಾರೆಟ್ ಬ್ರೌನ್ ತನ್ನ ಗೆಳತಿಯನ್ನು ಅಲ್ಲಿ ಓಡಿಸಿ ತೆಗೆದ ತುಣುಕು ನೋಡಿ ಡೈರೆಕ್ಟರಿಗೆ ಹೊಳೆದದ್ದು. ಇರಲಿ. ತಗೊಂಡದ್ದಕ್ಕೆ ನನ್ನ ತಕರಾರಿಲ್ಲ. ಸ್ಟಲೋನ್ ಮೇಲೂ ಇಲ್ಲ. ಆದರೆ ಒಂದು ಊರು ತನ್ನ ಮಗನನ್ನು ಮರೆಯೋದು ಸಿನಿಮಾದ ತಪ್ಪಾಗಲ್ಲ, ಊರಿನ ತಪ್ಪು. ನೋಡಿ ಚಪ್ಪಾಳೆ ಹೊಡೆದ ನಮ್ಮದೂ ತಪ್ಪು.

ನನ್ನದೂ ಅಂತ ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ನಾನು ಅಲಿ ಭಕ್ತ. 1975ರಲ್ಲಿ ಮನಿಲಾದಲ್ಲಿ ಅಲಿ ಮತ್ತು ಫ್ರೇಜಿಯರ್ ನಡುವೆ ನಡೆದ ಫೈಟ್ ಹಳೇ ಕ್ಯಾಸೆಟ್‌ನಲ್ಲಿ ನೋಡುತ್ತಿದ್ದೆವು. ಅಲಿ ಅವನನ್ನು ಗೊರಿಲ್ಲಾ ಅಂತ ಹಂಗಿಸಿದ್ದನ್ನು ಗೆಳೆಯರಿಗೆ ಹೇಳಿ ನಾನು ನಕ್ಕಿದ್ದೆ. ಕೊನೆಯ ರೌಂಡಿಗೆ ಮುಂಚೆ ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿತ್ತು. ಆದರೂ ಅವನು ಏಳಲು ನೋಡುತ್ತಾನೆ, ಕೋಚ್ ಬಿಡಲ್ಲ. ಗರಡಿಯಲ್ಲಿ ಬೆಳೆದ ನಮ್ಮಪ್ಪ ಹಿಂದೆ ನಿಂತಿದ್ದರು. "ನಗಬೇಡ ಕಣೋ. ಕಣ್ಣು ಕಾಣ್ದೇ ಇದ್ರೂ ಇನ್ನೂ ಆಡ್ತೀನಿ ಅಂತಿದಾನೆ ಅವ್ನು" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಅಳಿಯನಿಗೆ ಹೇಳಿದೆ. 'ರಾಕಿ' ಸಿನಿಮಾದ ಕೊನೇ ಫೈಟ್ ಶುರುವಾಗುವ ಮುಂಚೆ ನಿಜವಾದ ಫ್ರೇಜಿಯರ್ ರಿಂಗಿಗೆ ಬಂದು ಹೋಗುತ್ತಾನೆ, ಕೆಲವೇ ಸೆಕೆಂಡು, ನೋಡು ಅಂದೆ. ಈಗ ತಾನೇ ಮೆಸೇಜ್ ಬಂತು. ಅಲ್ಲಿ ಸಿನಿಮಾ ನಿಲ್ಲಿಸಿ ಫೋಟೊ ತೆಗೆದು ಕಳಿಸಿದ್ದಾನೆ. "ಮಾಮ, ಇವರೇನಾ?"

ಹೌದು ಕಣಪ್ಪ, ಅವರೇ.