ಸಂತರಾಗಲು ಮನೆ ಬಿಡಬೇಕಾಗಿಲ್ಲ

ನವೆಂಬರ್ 1 ನಮ್ಮ ಕಥೋಲಿಕ ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಹರಿಹರದ ಆರೋಗ್ಯ ಮಾತೆ ಮರಿಯಳ ಹಬ್ಬಕ್ಕೆ ದಾವಣಗೆರೆಯಿಂದ ಹರಕೆ ಹೊತ್ತು ಹೋಗುವ ನಾವು ಈ ಹಬ್ಬವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನನಗೆ ಇದು ಬೇಸರದ ಸಂಗತಿ. ಹೆಸರೇ ಗೊತ್ತಿಲ್ಲದ ಸಂತರನ್ನೂ ಸೇರಿಸಿ ನೆನೆಯುವ ದಿನ ಇದು.

ಸಂತರು ಅಂದರೆ ಸಂಸಾರ ಬಿಟ್ಟವರು, ಪವಾಡ ಮಾಡುವವರು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಕ್ರೈಸ್ತರೂ ಅಷ್ಟೇ. ಆದರೆ ಯೇಸುವಿನ ಪ್ರೇಷಿತ ಪೌಲನು ಕೊರಿಂಥ ಎಂಬ ಊರಿನ ಕ್ರೈಸ್ತ ಸಭೆಯವರಿಗೆ ಪತ್ರ ಬರೆದಾಗ ಅವರನ್ನೆಲ್ಲ ಸಂತರಾಗಲು ಕರೆ ಪಡೆದವರು ಎಂದೇ ಕರೆದ. ಅವರೋ ಗುಂಪು ಕಟ್ಟಿ ಜಗಳವಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು! ಅದೇ ಪತ್ರದಲ್ಲಿ ಅದಕ್ಕೆಲ್ಲ ಬೈದಿದ್ದಾನೆ ಕೂಡ. ಸಿಎಸ್‌ಐ ಎಂಬ ಪ್ರಾಟೆಸ್ಟೆಂಟ್ ಸಭೆಯ ಗೆಳೆಯರು ಇವತ್ತಿಗೂ ನಂಬಿದವರೆಲ್ಲ ಸಂತರೇ ಎನ್ನುತ್ತಾರೆ. ಸಂತರಿಗೆ ಮೊರೆ ಇಡುವುದಿಲ್ಲ. ಕಥೋಲಿಕರಾದ ನಾವು ನಮಗಾಗಿ ಪ್ರಾರ್ಥಿಸಿ ಎಂದು ಸಂತರನ್ನು ಕೇಳಿಕೊಳ್ಳುತ್ತೇವೆ. ಆರಾಧನೆ ಮಾತ್ರ ದೇವರಿಗೇ.

ಪೋಪ್ ಸಂತರೆಂದು ಘೋಷಿಸುವ ಮೊದಲು ವರ್ಷಗಟ್ಟಲೆ ವಿಚಾರಣೆ ನಡೆಯುತ್ತದೆ, ಸಾಮಾನ್ಯವಾಗಿ ಪವಾಡದ ಪುರಾವೆಯನ್ನೂ ಕೇಳುತ್ತಾರೆ. ಜನರ ಬಾಯಲ್ಲಿ ಉಳಿಯುವುದು ಪವಾಡ ಮಾತ್ರ. ಅವರು ಬದುಕಿದ್ದು ಹೇಗೆ ಅಂತ ಕೇಳುವವರು ಕಡಿಮೆ ಅಲ್ವಾ? 2015ರಲ್ಲಿ ಫ್ರಾನ್ಸಿನ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಲೂಯಿ ಮಾರ್ಟಿನ್ ಗಡಿಯಾರ ಮಾಡುತ್ತಿದ್ದ, ಜೆಲಿ ಲೇಸ್ ಹೆಣೆಸುವ ವ್ಯಾಪಾರ ನಡೆಸುತ್ತಿದ್ದಳು. ದುಡಿದರು, ಮಕ್ಕಳನ್ನು ಸಾಕಿದರು, ನಾಲ್ಕು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡರು.

ನಮ್ಮ ದೇಶದವರೇ ಆದ ದೇವಸಹಾಯಂ ಕೂಡ ಸಂಸಾರಿ. ತಿರುವಾಂಕೂರಿನ ಅರಮನೆಯಲ್ಲಿ ಅಧಿಕಾರಿ. 1745ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಮೇಲೆ ಜಾತಿಯ ಗೆರೆ ದಾಟಿ ಎಲ್ಲರ ಜೊತೆ ಬೆರೆತರು. ಅವರಿಗೆ ಹಿಂಸೆ ಕೊಟ್ಟರು, 1752ರಲ್ಲಿ ಅವರನ್ನು ಕೊಂದೇಬಿಟ್ಟರು. 2022ರ ಮೇ 15ರಂದು ಅವರು ಸಂತರಾದರು. ಪಾದ್ರಿಯೂ ಅಲ್ಲದ, ಸನ್ಯಾಸಿಯೂ ಅಲ್ಲದ ಭಾರತೀಯರೊಬ್ಬರಿಗೆ ಈ ಗೌರವ ಸಿಕ್ಕಿದ್ದು ಅದೇ ಮೊದಲು. ಘೋಷಣೆಗೆ ಮುಂಚೆ ಅವರ ಹೆಸರಿನಿಂದ ಪಿಳ್ಳೆ ಎಂಬ ಜಾತಿಸೂಚಕವನ್ನು ವ್ಯಾಟಿಕನ್ ಕೈಬಿಟ್ಟಿತು.

ಈ ಸಲದ ಹಬ್ಬದ ಪ್ರವಚನದಲ್ಲಿ ಇವರ ಬದುಕನ್ನು ಬಿಡಿಸಿ ಹೇಳಿ ಎಂದು ನಮ್ಮ ಗುರುಗಳನ್ನು ಕೇಳಿಕೊಳ್ಳುತ್ತೇನೆ. ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೇ ಹೇಳಬೇಕು. ಸಂಬಂಧ ನೋಡಲು ಹೋದಾಗ ಮೊದಲು ಮೂಲ ಜಾತಿ ವಿಚಾರಿಸುವ ಮನೆಗಳು ನಮ್ಮಲ್ಲೇ ಇವೆ. ಅವರ ಮುಂದೆಯೇ ಹೇಳಬೇಕು.